ಒಂದು ಕಾಯಿಯ ಹೆಸರು

ಕಿತ್ತಳೆ ಸಿಪ್ಪೆಯ ವಾಸನೆ, ಹಿಂದಿನ ಸೀಟಿನಲ್ಲಿ ಯಾರೋ ಸುಲಿಯುತ್ತಿದ್ದಾರೆ, ಇಂಥ ದಿನವೂ ಜನಕ್ಕೆ ಹಣ್ಣು ತಿನ್ನುವ ಮನಸ್ಸಾಗುತ್ತದಲ್ಲ, ಆಗಲಿ, ತಿನ್ನಲಿ, ತಿನ್ನುತ್ತಿರುವ ಬಾಯಿ ಘೋಷಣೆ ಕೂಗುವುದಿಲ್ಲ — ಬಸ್ಸು ನಿಂತಿತು, ಅರುಸ್ಯಾಕ್ ಕಿಟಕಿಗೆ ಕವಿದ ಮಂಜನ್ನು ಕೈಗವಸಿನಿಂದ ಒರೆಸಿ ನೋಡಿದಳು, ಬರೀ ಒಂದು ಲಾರಿ ಅಡ್ಡ ನಿಂತಿದೆ, ಅಷ್ಟೇ, ಬಂದರು ಇನ್ನೇನು ಬಂತು, ಬಂದರಿನಲ್ಲಿ ಹಡಗು, ಹಡಗು ಹತ್ತಿಬಿಟ್ಟರೆ ಕಡಲಾಚೆ, ಅಲ್ಲಿ ನೀನು ಆರ್ಮೇನಿಯದವಳೇನೇ ಎಂದು ಯಾರೂ ಬಾಗಿಲು ಒದೆಯುವುದಿಲ್ಲ. ಪಕ್ಕದಲ್ಲಿ ಗಂಡ ಕಾಮಿಲ್ ನೆಟ್ಟಗೆ ಕೂತಿದ್ದಾನೆ, ಪಾರ್ಟಿ ಸಮಿತಿಯ ಸಭೆಯಲ್ಲಿ ವೇದಿಕೆಯ ಮೇಲೆ ಕೂರುವ ಹಾಗೆ, ತಲೆಗೆ ಅದೇ ಬೂದು ಟೊಪ್ಪಿ, ಈ ಟೊಪ್ಪಿ ಬೇಡ ಕಾಮಿಲ್, ಪಾರ್ಟಿಯವನು ಅಂತ ಅರ್ಧ ಮೈಲಿಯಿಂದಲೇ ಗೊತ್ತಾಗುತ್ತೆ ಅಂದರೆ ಕೇಳಲಿಲ್ಲ, ಚಳಿಯಲ್ಲಿ ಬೋಳುತಲೆ ಹೊತ್ತು ತಿರುಗಲೇನೇ ಅಂದ, ಅದನ್ನೂ ರಷ್ಯನ್‌ನಲ್ಲೇ ಅಂದ, ಎಲ್ಲವನ್ನೂ ರಷ್ಯನ್‌ನಲ್ಲೇ ಅನ್ನುತ್ತಾನೆ, ಸಿಟ್ಟು ಬಂದರೂ, ಕನಸಿನಲ್ಲಿ ಕನವರಿಸಿದರೂ. ಹುಟ್ಟು ಅಜೆರಿ, ಈ ಬಾಕುವಿನಲ್ಲೇ ಏಳು ತಲೆಮಾರು, ಆದರೆ ಅವನ ಅಮ್ಮ ಇದ್ದಾಗ ಅತ್ತೂ ನಕ್ಕೂ ಹೇಳುತ್ತಿದ್ದಳು, ಏನ್ ಮಾಡ್ಲಿ ಸೊಸೆ, ಹೆತ್ತಿದ್ದು ನಾನು, ನಾಲಿಗೆ ಮಾತ್ರ ಮಾಸ್ಕೋದೋರು ಕಟ್ಟಿ ಕಳಿಸಿದ್ರು, ನೀನಾದ್ರೂ ಇವ್ನಿಗೆ ನಮ್ಮ ಮಾತು ಕಲ್ಸೇ. ಆರ್ಮೇನಿಯದ ಸೊಸೆ ಅಜೆರಿ ಗಂಡನಿಗೆ ಅಜೆರಿ ಕಲಿಸಬೇಕು, ಆಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು, ಈಗ ನಗುವವರು ಯಾರು, ಮೊನ್ನೆ ಕಾರ್ಖಾನೆಯ ಸಭೆಯಲ್ಲಿ ನಕ್ಕರು, ಅದು ಬೇರೆ ನಗು — ಜನಾಂಗಗಳ ಸೋದರತ್ವ, ಕಾಮ್ರೇಡ್‌ಗಳೇ, ಎಂದು ಇವನು ಶುರು ಮಾಡುತ್ತಿದ್ದ ಹಾಗೇ ಹಿಂದಿನಿಂದ ಒಬ್ಬ, ಸಾಹೇಬ್ರೇ, ನಮ್ಮ ಭಾಷೇಲಿ ಹೇಳಿ, ನಿಮ್ಮ ಅಮ್ಮನ ಭಾಷೇಲಿ ಹೇಳಿ, ಇವನು ಯತ್ನಿಸಿದ, ಮೂರನೆಯ ಮಾತಿಗೇ ತಡವರಿಸಿದ, ಸಭಾಂಗಣವೆಲ್ಲ ಕೇಕೆ, ಮನೆಗೆ ಬಂದು ಬೂಟು ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟ, ಇಡೀ ಸಂಜೆ ಮೇಲಿನವರಿಗೆ ಫೋನು ಮಾಡಿದ, ಸೂಚನೆಗೆ ಕಾಯಿರಿ ಕಾಮ್ರೇಡ್, ಕಾಯಿರಿ, ಆಮೇಲೆ ಫೋನು ಎತ್ತುವವರೂ ಇಲ್ಲ. ಅವರೆಲ್ಲ ಎಲ್ಲಿ ಹೋದರು, ಗೋಡೆಯ ಮೇಲಿನ ಪಟಗಳನ್ನು ಬಿಟ್ಟು ಎಲ್ಲರೂ ಹೋದರು. ಸಮಿತಿಯ ಕಾರಿನಲ್ಲಿ ಬಂದರಿಗೆ ಹೋಗೋಣ ಅಂದರೆ, ಬೇಡ ಅಂದ, ಮೊದಲ ಕಲ್ಲು ಬೀಳೋದೇ ಆ ಕಾರಿಗೆ, ಬಸ್ಸಿನಲ್ಲಿ ಹೋಗೋಣ, ಯಾರಾದರೂ ತಡೆದರೆ ನೀನೇ ಮಾತಾಡು, ನಿನ್ನ ಅಜೆರಿ ನನ್ನದಕ್ಕಿಂತ ಚೆನ್ನಾಗಿದೆ. ನಿನಗೇನು ಕಾಮಿಲ್, ನಿನ್ನನ್ನು ಯಾರೂ ಮುಟ್ಟುವುದಿಲ್ಲ, ನೀನು ಇಲ್ಲೇ ಇರು, ನಾನೊಬ್ಬಳೇ ಹೋಗುತ್ತೇನೆ ಅಂದಿದ್ದಳು, ಅದಕ್ಕೂ ಅವನ ಉತ್ತರ ರಷ್ಯನ್‌ನಲ್ಲೇ, ಹುಚ್ಚುಚ್ಚಾಗಿ ಆಡಬೇಡ.

ಬಸ್ಸಿನ ಬಾಗಿಲು ತೆರೆಯಿತು, ಥಂಡಿ ಗಾಳಿ, ಲಾರಿಯ ಹಿಂದಿನಿಂದ ಹುಡುಗರು, ಮೀಸೆ ಈಗಷ್ಟೇ ಮೂಡಿದವರು, ಮುಂದಿದ್ದವನ ಕಾಲಿನಲ್ಲಿ ರಬ್ಬರ್ ಚಪ್ಪಲಿ, ಈ ಚಳಿಯಲ್ಲಿ ರಬ್ಬರ್ ಚಪ್ಪಲಿ, ಆರ್ಮೇನಿಯದಿಂದ ಓಡಿಸಿದ ಅಜೆರಿಗಳ ಪೈಕಿ ಇರಬೇಕು, ಹಿಮದ ಕಣಿವೆ ದಾಟಿ ಬಂದವರು, ಇವನ ಮನೆಯ ಬಾಗಿಲನ್ನು ಒದ್ದವರು ನಮ್ಮವರು, ನಮ್ಮವರು ಅಂದರೆ ಯಾರು, ಅರುಸ್ಯಾಕ್ ಆ ನಾಡನ್ನು ಒಮ್ಮೆಯೂ ಕಂಡವಳಲ್ಲ, ಆದರೂ ಆ ಚಪ್ಪಲಿ ನೋಡಿ ಅವಳಿಗೆ ನಾಚಿಕೆಯಾಯಿತು, ಕರುಣೆಯಾಯಿತು, ಇವನಿಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಡಬೇಕು ಅನ್ನಿಸಿತು, ಹೆದರಿಕೆ ಅದರ ನಂತರ ಬಂತು. ಅವನು ಅಂಗೈ ಬಿಚ್ಚಿ ಹಿಡಿದ. ಅಂಗೈಯಲ್ಲಿ ಒಂದು ಕಾಯಿ, ಗೋಲಿಯಷ್ಟು ಗುಂಡಗೆ, ಕಂದು ಚಿಪ್ಪಿನದು. ಅಕ್ಕಾ, ಇದಕ್ಕೇನಂತಾರೆ ಹೇಳು. ಅಯ್ಯೋ, ಇದೇ, ಊರೆಲ್ಲ ಇದೇ ಮಾತು, ಆರ್ಮೇನಿಯದವರ ಬಾಯಲ್ಲಿ ಫ ಹೊರಳುವುದಿಲ್ಲವಂತೆ, ಪುಂದುಕ್ ಅಂತಾರಂತೆ, ಹಾಗಂದರೆ ಮುಗಿಯಿತಂತೆ — ಅವಳ ಅಜ್ಜಿಯೂ ಸಾಯುವವರೆಗೆ ಪುಂದುಕ್ ಅಂದವಳೇ, ಆದರೆ ಹುಟ್ಟೂರು ವರ್ತಾಶೆನ್‌ನಲ್ಲಿ ಬೇಲಿಯಾಚೆಗೆ ಅಜೆರಿಗಳ ಗುಲ್ಸುಮ್ ಚಿಕ್ಕಮ್ಮನ ತೋಟ, ತೋಟದ ತುಂಬ ಈ ಕಾಯಿಯದೇ ಪೊದೆ, ಪುಟ್ಟ ಅರುಸ್ಯಾಕ್ ಲಂಗದಲ್ಲಿ ಕಾಯಿ ತುಂಬಿಕೊಂಡು ನಿಂತರೆ ಚಿಕ್ಕಮ್ಮ ಗಲ್ಲ ಹಿಂಡಿ, ಪುಂದುಕ್ ಅಲ್ವೇ ಮೊದ್ದು, ತುಟಿಗೆ ಹಲ್ಲು ತಾಗಿಸು, ಗಾಳಿ ಬಿಡು, ಫಿಂದಿಖ್, ಹೇಳಿದ್ರೆ ಕೊಡ್ತೀನಿ, ಇಲ್ದಿದ್ರೆ ಎಲ್ಲ ಸುರಿದು ಹೋಗು. ಫಿಂದಿಖ್, ಅಂದಳು ಅರುಸ್ಯಾಕ್. ಬೇಕೆಂದೇನೂ ಅಲ್ಲ, ಆ ಕಡೆಯ ರಾಗವೂ ಜೊತೆಗೇ ಬಂದುಬಿಟ್ಟಿತು, ಕೊನೆಯಲ್ಲಿ ಚೂರು ಎಳೆದು. ಹುಡುಗನ ಮುಖ ಅರಳಿತು, ಅಕ್ಕಾ ನೀನು ಷೆಕಿ ಸೀಮೆಯೋಳಾ? ಹೂಂ ಕಣಪ್ಪಾ, ಆ ಕಡೆಯೇ. ಗೊತ್ತಾಯ್ತು ಬಿಡು, ಮಾತು ಕೇಳಿದ್ರೇನೇ ಸಕ್ಕರೆ, ತಗೋ ತಿನ್ನು, ಎಂದು ಕಾಯಿಯನ್ನು ಅವಳ ಕೈಗೇ ಇಟ್ಟ, ಜೇಬಿನಿಂದ ಇನ್ನೊಂದು ತೆಗೆದು ಕಾಮಿಲ್‌ನ ಮೂಗಿನ ಕೆಳಗೆ ಹಿಡಿದ, ನೀನು ಹೇಳಣ್ಣಾ.

ಹೇಳು ಕಾಮಿಲ್, ಸುಲಭದ ಮಾತು, ನಿನ್ನಮ್ಮ ಹಬ್ಬಕ್ಕೆ ಪಖ್ಲವಾ ಮಿಠಾಯಿ ಮಾಡುವಾಗ ಅರೆಯುತ್ತಿದ್ದದ್ದು ಇದನ್ನೇ, ಒರಳಿನ ಮುಂದೆ ಕೂತು ಕದ್ದು ತಿನ್ನುತ್ತಿದ್ದೆ ಅಂತ ನೀನೇ ಹೇಳಿದ್ದೆ, ಅವಳ ಹಾಗೇ ಹೇಳು — ಅವನು ಗಂಟಲು ಸರಿಮಾಡಿಕೊಂಡ, ವೇದಿಕೆಯ ಮೇಲೆ ಸರಿಮಾಡಿಕೊಳ್ಳುವ ಹಾಗೆ, ಆಮೇಲೆ ಅಂದ, ಫುಂದುಕ್. ರಷ್ಯನ್ ಮಾತು. ಅಂಗಡಿಯ ಚಾಕಲೇಟಿನ ಹಾಳೆಯ ಮೇಲೆ ಬರೆದಿರುವ ಮಾತು. ಫ ಇತ್ತು, ಚೆನ್ನಾಗಿಯೇ ಇತ್ತು, ಹುಡುಗರಿಗೆ ಅದು ಕೇಳಲಿಲ್ಲ, ಪುಂದುಕ್ ಅಂತೆ ಕಣ್ರೋ, ಟೊಪ್ಪಿ ನೋಡ್ರೋ ಇವಂದು, ಪುಂದುಕ್ ಅಂದು ಸಿಕ್ಕಾಕ್ಕೊಂಡ, ಟೊಪ್ಪಿ ಕೆಳಗೆ ಬಿತ್ತು, ಯಾರೋ ತುಳಿದರು, ಅಲ್ಲಪ್ಪಾ, ಅವನು ಅಜೆರಿಯೇ, ನಿಮ್ಮವನೇ, ಅವನಲ್ಲ, ಆರ್ಮೇನಿಯದವಳು ನಾನು, ನಾನು ಕಣೋ — ಇದೆಲ್ಲ ಅವಳ ಬಾಯಿಯವರೆಗೆ ಬಂತು, ಬಂದು ಅಲ್ಲೇ ನಿಂತಿತು, ಯಾಕೆಂದರೆ ಆಗಲೇ ಚಪ್ಪಲಿಯ ಹುಡುಗ ಅಂದ, ಪಾಸ್‌ಪೋರ್ಟ್ ತೆಗಿ ನೋಡೋಣ. ಸದ್ಯ, ದೇವರೇ, ಪಾಸ್‌ಪೋರ್ಟಿದೆ, ಅದರಲ್ಲಿ ಜನಾಂಗ ಬರೆಯುವ ಐದನೆಯ ಸಾಲಿನಲ್ಲಿ ಅಜೆರಿ ಎಂದು ಮುದ್ರೆ ಬಿದ್ದಿದೆ, ತೋರಿಸಿಬಿಡು — ಕಾಮಿಲ್‌ನ ಕೈ ಕೋಟಿನ ಒಳಗೆ ಹೋಯಿತು, ಎದೆಯ ಜೇಬಿಗೆ, ಅಲ್ಲಿ ಅವನದೂ ಇದೆ, ಅವಳದೂ ಇದೆ, ಬೆಳಿಗ್ಗೆ ಅವಳೇ ಎರಡನ್ನೂ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ್ದಳು, ಹಡಗಿನ ನೂಕುನುಗ್ಗಲಲ್ಲಿ ಬೇರೆಬೇರೆ ಆಗಬಾರದು ಎಂದು, ಒಂದಲ್ಲ, ಎರಡು ಸುತ್ತು, ಒಂದನ್ನು ಎಳೆದರೆ ಇನ್ನೊಂದೂ ಬರುವ ಹಾಗೆ. ಕೋಟಿನೊಳಗೆ ಬೆರಳು ಆಡುವುದು ಹೊರಗಿನಿಂದಲೇ ಕಾಣುತ್ತಿತ್ತು, ಬ್ಯಾಂಡ್ ತಡಕಿದವು, ನಿಂತವು. ಆಮೇಲೆ ಕೈ ಹೊರಗೆ ಬಂತು. ಬರಿಗೈ. ಮನೇಲೇ ಬಿಟ್ಟು ಬಂದಿದ್ದೀನಿ, ಅಂದ. ಅವರು ಕಾಲರ್ ಹಿಡಿದು ಎಬ್ಬಿಸಿದರು, ಚಪ್ಪಲಿಯ ಹುಡುಗ ಅವಳ ಕಡೆ ತಿರುಗಿ, ಅಕ್ಕಾ, ಇವನು ನಿನ್ನ ಜೊತೆಯವನಾ, ಎಂದು ಕೇಳಿದ, ಮರ್ಯಾದೆಯಿಂದಲೇ ಕೇಳಿದ, ಅವಳ ತುಟಿ ಬಿಚ್ಚಿತು, ಬಿಚ್ಚಿದ್ದು ನಿಜ, ಆದರೆ ಅಷ್ಟರಲ್ಲಿ ಕಾಮಿಲ್, ಈಯಮ್ಮ ಯಾರೋ ನಂಗೊತ್ತಿಲ್ಲ, ಅಂದುಬಿಟ್ಟ, ಅಜೆರಿಯಲ್ಲಿ, ಒಂದಕ್ಷರ ತಪ್ಪದೆ, ಅವನಮ್ಮ ಕೇಳಿದ್ದರೆ ಕುಣಿದಾಡುತ್ತಿದ್ದಳು.

ಬಸ್ಸು ಹೊರಟಿದೆ, ಪಕ್ಕದ ಸೀಟು ಖಾಲಿ, ಕಿಟಕಿಗೆ ಮತ್ತೆ ಮಂಜು, ಅವಳು ಒರೆಸುತ್ತಿಲ್ಲ, ಒರೆಸಿದರೆ ಕಾಣುತ್ತದೆ, ಕೂಗು ಅರುಸ್ಯಾಕ್, ನಿಲ್ಲಿಸಿ ಅನ್ನು, ಅವನು ನನ್ನ ಗಂಡ ಅನ್ನು, ಫಿಂದಿಖ್ ಅನ್ನಲು ಹೊರಳಿದ ನಾಲಿಗೆ ಇದಕ್ಕೇಕೆ ಹೊರಳಲಿಲ್ಲ, ಡ್ರೈವರಣ್ಣಾ ಅನ್ನು, ಬಂದರು ಬಂತು ಎನ್ನುತ್ತಿದ್ದಾರೆ ಯಾರೋ, ಇಳೀರಿ ಇಳೀರಿ, ಅಕ್ಕಾ ನೀವು ಇಳಿಯಲ್ವಾ, ಅವನ ಕೈ ಕೋಟಿನೊಳಗೆ ಹೋಯಿತು, ಬೆರಳು ತಡಕಿದವು, ಬರಿಗೈ ಹೊರಗೆ ಬಂತು, ಇಳಿಯಬೇಕು, ಕೈ ಒಳಗೆ ಹೋಯಿತು, ಬರಿಗೈ ಹೊರಗೆ ಬಂತು, ಬರಿಗೈ —