ಕೆಮ್ಮಣ್ಣಿನ ಹಾವು

ಮೂಗೆಳೆದ, ಮತ್ತೆ ಎಳೆದ, ಜಗಲಿಯ ಆ ತುದಿಯಲ್ಲಿ ಕೂತ ಭಾವಮೈದುನ ರೇಣುಕಾಪ್ರಸಾದ, ಮಾಸ್ಕನ್ನು ಗಡ್ಡಕ್ಕೆ ತೊಡಿಸಿಕೊಂಡು, ಏನಿಲ್ಲ ಭಾವ, ಧೂಳು ಅಷ್ಟೆ — ಎನ್.ಆರ್. ಪುರದ ಧೂಳಿಗೆ ಕಣ್ಣೂ ಕೆಂಪಾಗುತ್ತದೋ, ಇವನೇ ಇರಬೇಕು, ಇಲ್ಲವೇ ವಿಭೂತಿ ಇಡುವ ನೆಪದಲ್ಲಿ ಹಣೆ ಮುಟ್ಟಿದ ಅತ್ತಿಗೆ, ಯಾರೋ ತಂದು ಹಾಕಿದ್ದಾರೆ ಇದನ್ನು, ಸೊಂಟದ ಬಲಕ್ಕೆ ಕೆಂಡದಂಥ ಗುಳ್ಳೆಸಾಲು, ಅದರ ಮೇಲೆ ನಾಟಿ ಮದ್ದಿನ ಗಿಡ್ಡಯ್ಯ ಬರೆದ ಕೆಮ್ಮಣ್ಣಿನ ಹಾವು, ಹೆಡೆ ಹೊಕ್ಕುಳ ಕಡೆ, ಬಾಲ ಬೆನ್ನಿಗೆ. ರಕ್ತದ ಕ್ಯಾನ್ಸರಿಗೆಂದು ಬೆಂಗಳೂರಿನಲ್ಲಿ ನನ್ನದೇ ಬಿಳಿ ಕಣ ತೆಗೆದು, ಕ್ಯಾನ್ಸರನ್ನು ಕೊಲ್ಲುವ ಪಾಠ ಹೇಳಿ, ವಾಪಸು ನನಗೇ ಏರಿಸಿದರು, ಕ್ಯಾನ್ಸರ್ ಹೋಯಿತು, ಜೊತೆಗೆ ರೋಗ ತಡೆಯುವ ಮೈಯ ಕಾವಲಿನವರೂ ಹೋದರು — ಕಾಲೇಜಿನಲ್ಲಿ ಇತಿಹಾಸ ಹೇಳಿದವನು ನಾನು, ಕಲಿತವರು ಅತಿ ಮಾಡುವುದು ಹೊಸತಲ್ಲ. ಸರ್ಪಸುತ್ತು ಕಣ್ರೀ, ಅಂದಿದ್ದಳು ಹೆಂಡತಿ ಸರ್ವಮಂಗಳಾ, ಹೆಡೆ ಬಾಲ ಕೂಡಿದ್ರೆ ಮನುಷ್ಯ ಉಳಿಯಲ್ವಂತೆ, ಮಣ್ಣು ಹಚ್ಚಿದ ಮೇಲೆ ಇಂಗ್ಲಿಷ್ ಮದ್ದು ತಾಗ್ಬಾರ್ದು, ಎಂದು ಸೋಂಕು ತಡೆಯಲೆಂದು ಆಸ್ಪತ್ರೆಯವರು ಕೊಟ್ಟ ಮಾತ್ರೆಯನ್ನೂ ಎತ್ತಿಟ್ಟಳು, ನಾನು ನಕ್ಕೆ, ನಕ್ಕು ಗಿಡ್ಡಯ್ಯನ ಮುಂದೆ ಅಂಗಿ ಎತ್ತಿದೆ. ಈಗ ಇವನು ಆಸ್ಪತ್ರೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ್ದಾನೆ, ಚಾಡಿಕೋರ, ಅತ್ತ ಡಾಕ್ಟರ್ ರಶ್ಮಿ, ಸಾರ್, ಚಿಕ್ಕವರಿದ್ದಾಗ ಅಮ್ಮ, ಅದೇ ಚಿಕನ್‌ಪಾಕ್ಸ್, ಆಗಿತ್ತಾ, ಆಗಿತ್ತು, ಕೊಪ್ಪದ ಸೋದರಮಾವನ ಮನೆಯಲ್ಲಿ, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು, ಅದೇ ವೈರಸ್ ಸಾರ್, ನಿಮ್ಮೊಳಗೇ ಮಲಗಿತ್ತು, ಯಾರೂ ತಂದದ್ದಲ್ಲ — ಇಷ್ಟು ಕಾಲ ನನ್ನ ಬೆನ್ನಲ್ಲೇ, ಬಾಡಿಗೆ ಕೊಡದೆ, ಪಾಪ ರೇಣುಕಾಪ್ರಸಾದ, ಆದರೂ ದೂರವೇ ಇರಲಿ. ಬೇರೆಯವರಿಗೆ ಸಾಮಾನ್ಯವಾಗಿ ಒಂದೇ ಮಗ್ಗುಲಲ್ಲಿ ನಿಲ್ಲುತ್ತೆ ಸಾರ್, ಓಹೋ, ಇದು ಗಿಡ್ಡಯ್ಯನ ಕೈಗುಣ, ತಾನಾಗಿ ಎಂದೂ ಸೇರದ್ದನ್ನು ಸೇರದಂತೆ ತಡೆದ ಕೀರ್ತಿ, ಆದ್ರೆ ಸಾರ್, ನಿಮ್ಮಂಥವರಿಗೆ ದಾಟಬಹುದು, ಶ್ವಾಸಕೋಶಕ್ಕೆ, ಮಿದುಳಿಗೆ, ಮಾತ್ರೆ ನಿಲ್ಲಿಸಿಲ್ಲ ತಾನೆ, ಸರ್ವಮಂಗಳಾ ಗೋಡೆ ನೋಡಿದಳು, ಈಗಲೇ ಆಸ್ಪತ್ರೆಗೆ ಹೊರಡಿ ಸಾರ್, ಅಂದರು ಡಾಕ್ಟರ್. ಕಾರು ತರ್ತೀನಿ ಭಾವ, ಅವನೆದ್ದ, ಮೂಗೆಳೆದ, ತಡಿಯೋ ಮಾರಾಯ, ಅಂದಳು ತಮ್ಮನಿಗೆ, ಗಿಡ್ಡಯ್ಯ ಇನ್ನೊಂದು ಸಲ ಬರ್ದುಬಿಡ್ಲಿ — ಬೇಡ, ಹೊರಡೋಣ, ಅಂದೆ, ನನ್ನ ದನಿ ಗಟ್ಟಿಯಾಗಿಯೇ ಇತ್ತು, ಬೆರಳು ಮಾತ್ರ ತಾನಾಗಿ ಅಂಗಿಯೊಳಗೆ ಹೋಗಿದೆ, ಎಡಮಗ್ಗುಲು ತಡವುತ್ತಿದೆ, ಇಲ್ಲಿ ಮಣ್ಣಿಲ್ಲ, ಗಿಡ್ಡಯ್ಯ ಇಲ್ಲಿ ಬರೆದೇ ಇಲ್ಲ, ಇಲ್ಲೊಂದು ಗುಳ್ಳೆ, ಅದರಾಚೆ ಇನ್ನೊಂದು, ಹೊರಗೆ ಹಾರ್ನ್, ಹೆಡೆ ಇಲ್ಲಿ, ಬಾಲ ಅಲ್ಲಿ, ನಡುವೆ ಒಂದು ಬೆರಳು ಹಿಡಿಯುವಷ್ಟು ಜಾಗ, ಹೆಡೆ, ಬಾಲ, ಒಂದು ಬೆರಳು —