ಅಕ್ಕನ ಪಾಲು

ನಾನು ಒಂದು ಸ್ಟೀಲಿನ ಗಂಗಾಳ. ಪಟ್ಟಣದವರು ತಟ್ಟೆ ಎನ್ನುತ್ತಾರೆ, ಎನ್ನಲಿ. ನನ್ನಷ್ಟು ಅಗಲ, ನನ್ನಷ್ಟು ಎತ್ತರದ ಅಂಚು ತಟ್ಟೆಗೆ ಎಲ್ಲಿಂದ ಬರಬೇಕು? ಯಾವುದೋ ಕಾರ್ಖಾನೆಯ ಅಚ್ಚಿನಲ್ಲಿ ಒಂದೇ ಏಟಿಗೆ ಹುಟ್ಟಿದೆ. ಗದುಗಿನ ಪಾತ್ರೆ-ಭಾಂಡೆ ಅಂಗಡಿಯಲ್ಲಿ ನನ್ನ ಅಂಚಿನ ಮೇಲೆ 'ನಿಂಬೆವ್ವ' ಎಂದು ಹೆಸರು ಕೊರೆದರು. ನೋಯಿತು, ಹೆಮ್ಮೆಯೂ ಆಯಿತು. ಅವಳ ಮದುವೆಗೆ ತವರಿನವರು ನನ್ನನ್ನು ಕೊಟ್ಟರು.

ನಿಂಬೆವ್ವನಿಗೆ ಇಬ್ಬರು ಮಕ್ಕಳು. ದೊಡ್ಡವಳು ಕಸ್ತೂರಿ, ಅವಳಿಗಿಂತ ಮೂರು ವರ್ಷ ಚಿಕ್ಕವನು ಫಕೀರಪ್ಪ. ಇಬ್ಬರಿಗೂ ನಾನೊಂದೇ. ನುಚ್ಚು ಬಡಿಸಿದ ಕೂಡಲೇ ಕಸ್ತೂರಿ ಬೆರಳಿನಿಂದ ನಡುವೆ ಗೆರೆ ಎಳೆದು, 'ಇದು ನಂದು, ಅದು ನಿಂದು' ಎನ್ನುತ್ತಿದ್ದಳು. ತಮ್ಮ ಗೆರೆ ದಾಟಿ ಕದಿಯುತ್ತಿದ್ದ. ಅವಳು ಕಾಣದವಳಂತೆ ಗೋಡೆ ನೋಡುತ್ತಿದ್ದಳು.

ಒಂದು ದಿನ ಸಂತೆಯಿಂದ ಬರುವಾಗ ಟಂಟಂ ಆಟೋ ಉರುಳಿ ನಿಂಬೆವ್ವ, ಅವಳ ಗಂಡ ಇಬ್ಬರೂ ಹೋದರು. ದಿನಕರ್ಮ ಮುಗಿದ ಮೇಲೆ ಹಿರಿಯರು ಕುಳಿತು ತೀರ್ಮಾನಿಸಿದರು: ಗಂಡು ಕೂಸು ಅಪ್ಪನ ಕಡೆಗೆ, ಹೆಣ್ಣು ಕೂಸು ಅವ್ವನ ಕಡೆಗೆ, ಅವಳ ತಂಗಿ ಚಿಗವ್ವನ ಮನೆಗೆ. ಭಾಂಡೆಗಳನ್ನೂ ಅದೇ ದಿನ ಹಂಚಿದರು. ತವರಿನಿಂದ ಬಂದ ನಾನು ಕಸ್ತೂರಿಯ ಚೀಲ ಸೇರಿದೆ. ಅವಳು ನನ್ನನ್ನು ತೆಗೆದು ತಮ್ಮನ ಚೀಲಕ್ಕೆ ಹಾಕಿದಳು.

'ಅಂವ ಬ್ಯಾರೆದ್ರಾಗ ಉಣ್ಣಂಗಿಲ್ಲ' ಎಂದಳು. ಆರು ವರ್ಷದವಳಿಗೆ ತಿಳಿದದ್ದು ಅರವತ್ತು ದಾಟಿದವರಿಗೆ ತಿಳಿಯಲಿಲ್ಲ.

ದೊಡ್ಡಪ್ಪನ ಮನೆಯಲ್ಲಿ ಮೊದಲ ದಿನ ಫಕೀರಪ್ಪ ತಾನೇ ಗೆರೆ ಎಳೆದ. ತನ್ನ ಕಡೆಯದನ್ನಷ್ಟೇ ಉಂಡ.

'ಅದನ್ನ ಯಾಕ ಬಿಟ್ಟಿ?' ದೊಡ್ಡವ್ವ ಕೇಳಿದಳು.

'ಅಕ್ಕಂದು.'

'ಆಕಿ ಚಿಗವ್ವನ ಮನ್ಯಾಗ ಉಂಡಿರ್ತಾಳ. ನೀ ಉಣ್ಣಪಾ.'

ಅವನು ಉಣ್ಣಲಿಲ್ಲ. ಮರುದಿನವೂ ಗೆರೆ ಎಳೆದ, ಅಕ್ಕನ ಹೆಸರು ಮಾತ್ರ ಮತ್ತೆ ಎತ್ತಲಿಲ್ಲ. ದೊಡ್ಡವ್ವ ಕೆಟ್ಟವಳಲ್ಲ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಆಮೇಲೆ ಕೂಸಿನ ಹೊಟ್ಟೆಯೇ ಸಣ್ಣದೆಂದು ತಿಳಿದು, ಅನ್ನ ಚೆಲ್ಲಬಾರದೆಂದು ಅರ್ಧವೇ ಬಡಿಸತೊಡಗಿದಳು. ಅವನು ಆ ಅರ್ಧದಲ್ಲೂ ಗೆರೆ ಎಳೆದ. ಅವಳು ಇನ್ನೂ ಕಡಿಮೆ ಮಾಡಿದಳು. ಅವನು ಅದರಲ್ಲೂ ಅಕ್ಕನಿಗೆ ಇಟ್ಟ. ಕೂಸು ಕಡ್ಡಿಯಾಯಿತು. ಅನ್ನ ಹಿಡಿಯುವುದು ನನಗೆ ಗೊತ್ತು, ಕೂಗುವುದು ಗೊತ್ತಿಲ್ಲ. ಕೆಳಗೆ ಬಿದ್ದರೆ ಮಾತ್ರ ನನಗೆ ದನಿ. ಯಾರಾದರೂ ನನ್ನನ್ನು ಬೀಳಿಸಬಾರದೇ ಎಂದು ದಿನವೂ ಹಂಬಲಿಸಿದೆ.

ಒಂಬತ್ತು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವನು ತನ್ನ ಪಾಲು ಉಂಡು, ಆಚೆಯದನ್ನು ಬಹಳ ಹೊತ್ತು ನೋಡಿದ. ಆಮೇಲೆ ಅದನ್ನೂ ಎಳೆದುಕೊಂಡು ಉಂಡ. ತಳ ಬಳಿದು ಬೆರಳು ನೆಕ್ಕಿದ. ದೊಡ್ಡವ್ವನ ಕಣ್ಣಲ್ಲಿ ನೀರು ಬಂತು. 'ನಮ್ಮ ಕೂಸು ಸುಧಾರಿಸ್ತು' ಎಂದು ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನು ಅಷ್ಟು ಬರಿದಾದದ್ದು ಅದೇ ಮೊದಲು.

ಎರಡು ವರ್ಷದ ನಂತರ ಪಂಚಮಿ ಹಬ್ಬಕ್ಕೆ ಚಿಗವ್ವನ ಜೊತೆ ಕಸ್ತೂರಿ ಬಂದಳು. ಯಾರನ್ನೂ ಕೇಳದೆ ತಮ್ಮನ ಪಕ್ಕ ಕುಳಿತು ನನ್ನೊಳಗೆ ಕೈ ಇಟ್ಟಳು. ಅವನು ಅವಳ ಕೈ ಸರಿಸಿದ.

'ಇದು ನಂದು. ನಿನಗ ಬ್ಯಾರೆ ಕೊಡ್ತಾರ.'

ದೊಡ್ಡವ್ವ ನಗುತ್ತಾ ಬೇರೆ ತಟ್ಟೆ ತಂದಿಟ್ಟಳು. ಕಸ್ತೂರಿ ಎದ್ದು ಕೈ ತೊಳೆದುಕೊಂಡು ಬಂದು ಅದರಲ್ಲಿ ಉಂಡಳು.

ಈಗ ನನ್ನ ಅಂಚು ಸೀಳಿದೆ. ಹಿತ್ತಲಲ್ಲಿ ಬಿದ್ದಿದ್ದೇನೆ, ಕೋಳಿಗಳು ಬಂದು ಕುಕ್ಕುತ್ತವೆ. ಫಕೀರಪ್ಪನಿಗೆ ಮೀಸೆ ಬಂದಿದೆ. ತನಗೊಬ್ಬ ಅಕ್ಕ ಇದ್ದಾಳೆಂಬುದು ಯಾರಾದರೂ ಹೇಳಿದರೆ ಅವನಿಗೆ ನೆನಪಾಗುತ್ತದೆ. ಅವನನ್ನು ನಾನು ಬೈಯಲಾರೆ. ಮೂರು ವರ್ಷದ ಕೂಸು ಒಂಬತ್ತು ತಿಂಗಳು ಹಸಿದುಕೊಂಡು ಅಕ್ಕನಿಗಾಗಿ ಕಾಯ್ದಿತ್ತು. ಅವಳನ್ನು ಕರೆತರಲು ಒಂದೇ ಬಸ್ಸಿನ ದಾರಿ ಇತ್ತು, ಯಾರೂ ಹೋಗಲಿಲ್ಲ. ಆ ಪಂಚಮಿಯ ನಂತರ ಕಸ್ತೂರಿಯೂ ಬರಲಿಲ್ಲ.