ಅಜ್ಜಿಯ ದನಿ

ಇಸ್ತ್ರಿ ಅಂಗಡಿಯ ಹಿಂದೆಯೇ ಅವಳೂ ಇಬ್ಬರು ಮಕ್ಕಳೂ ಇರುವ ಮನೆ. ನಡುವೆ ಒಂದು ಪರದೆ ಅಷ್ಟೆ. ಅಂದು ಮಧ್ಯಾಹ್ನ ಅವಳು ಬಿಳಿ ಅಂಗಿಯೊಂದರ ಕಾಲರಿಗೆ ನೀರು ಚಿಮುಕಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದ್ದಳು. ಆಗ ಪರದೆಯಾಚೆಯಿಂದ ತೀರಿಹೋದ ತಾಯಿಯ ದನಿ ಕೇಳಿಸಿತು.

"ದೇವರು ರೆಪ್ಪೆ ಮುಚ್ಚಲ್ಲ. ಕತ್ತಲಲ್ಲೂ ನಿನ್ನನ್ನೇ ನೋಡ್ತಿರ್ತಾನೆ."

ಅದೇ ಎಳೆದ ಮಾತು, ಕೊನೆಗೆ ಅದೇ ಸಣ್ಣ ಕೆಮ್ಮು. ತಾಯಿಯನ್ನು ಮಣ್ಣು ಮಾಡಿ ಎರಡು ತಿಂಗಳಾಗಿತ್ತು. ಚಿಕ್ಕಂದಿನಲ್ಲಿ ಈ ಮಾತು ಕೇಳಿದಾಗಲೆಲ್ಲ ತಲೆತುಂಬ ಹೊದ್ದುಕೊಂಡು ಬೆವರುತ್ತಿದ್ದವಳು ಅವಳು.

ಪೆಟ್ಟಿಗೆಯನ್ನು ಅಂಗಿಯ ಮೇಲೆಯೇ ಬಿಟ್ಟು ಪರದೆ ಸರಿಸಿದಳು. ಒಳಗಿದ್ದದ್ದು ಮಗಳು. ಎರಡನೇ ತರಗತಿಯ ಆ ಹುಡುಗಿ ಬೆನ್ನು ಬಾಗಿಸಿ ನಿಂತು ಮಂಚದ ಕೆಳಕ್ಕೆ ಬೆರಳು ತೋರಿಸುತ್ತಿದ್ದಳು. ಅಲ್ಲಿ ಅವಳ ಪುಟ್ಟ ತಮ್ಮ ಗುಬ್ಬಿ ಮುಖ ಮುಚ್ಚಿಕೊಂಡು ನಡುಗುತ್ತಿದ್ದ.

"ಏನೇ ಇದು?"

"ಸಕ್ಕರೆ ಕದ್ದು ತಿಂದು, ಇಲ್ಲ ಅಂದ." ಮಗಳು ಈಗ ತನ್ನದೇ ದನಿಯಲ್ಲಿ ಹೇಳಿದಳು. "ಅಜ್ಜಿ ಇಲ್ವಲ್ಲಮ್ಮಾ. ಯಾರಾದ್ರೂ ದೇವರ ವಿಷಯ ಹೇಳ್ಕೊಡ್ಬೇಕಲ್ವಾ? ನೀನಂತೂ ಹೇಳಲ್ಲ."

ಮಗಳ ಮಾತು ನಿಜವೇ. ಭಾನುವಾರ ಮಕ್ಕಳಿಗೆ ತಲೆ ಬಾಚಿ ಚರ್ಚಿಗೆ ಕರೆದೊಯ್ಯುತ್ತಿದ್ದಳೇ ಹೊರತು, ಮನೆಯಲ್ಲಿ ದೇವರ ಮಾತನ್ನು ತಾಯಿಗೇ ಬಿಟ್ಟಿದ್ದಳು. ಬಾಯಿ ತೆರೆದರೆ ತನ್ನಿಂದಲೂ ಅದೇ ಬೆದರಿಸುವ ಮಾತು ಬಂದೀತೆಂಬ ಹೆದರಿಕೆ.

ಸುಟ್ಟ ವಾಸನೆ ಬಂತು. ಓಡಿಹೋಗಿ ಪೆಟ್ಟಿಗೆ ಎತ್ತಿದಳು. ಅಂಗಿ ತೂತಾಗಿತ್ತು. ಸ್ವಿಚ್ ಆರಿಸಿ ಮರಳಿ ಬಂದು, ಮಂಚದ ಪಕ್ಕ ನೆಲಕ್ಕೆ ಕೆನ್ನೆಯೂರಿ ಮಲಗಿದಳು.

"ಗುಬ್ಬೀ, ಒಂದ್ಸಲ ಯೇಸುಸ್ವಾಮಿ ದೋಣೀಲಿ ಹೋಗ್ತಿದ್ರು. ಬಿರುಗಾಳಿ ಎದ್ದು ಎಲ್ಲರೂ ಕಿರುಚಾಡ್ತಿದ್ರು. ಅವರು ಏನ್ಮಾಡ್ತಿದ್ರು ಗೊತ್ತಾ?"

"ಬೈತಿದ್ರಾ?" ಬೆರಳ ಸಂದಿಯಿಂದ ಗುಬ್ಬಿ ಕೇಳಿದ.

"ನಿದ್ದೆ ಮಾಡ್ತಿದ್ರು. ತಲೆಗೊಂದು ದಿಂಬು ಇಟ್ಕೊಂಡು."

"ಕಣ್ಣು ಮುಚ್ಕೊಂಡು?"

"ಮತ್ತೆ, ನಿನ್ನ ಹಾಗೆ ಕಳ್ಳನಿದ್ದೆ ಮಾಡ್ತಿದ್ರಾ?"

ಗುಬ್ಬಿ ಕಿಸಕ್ಕನೆ ನಕ್ಕು ತೆವಳಿಕೊಂಡು ಹೊರಬಂದ. "ಸಕ್ಕರೆ ನಾನೇ ತಿಂದೆ," ಎಂದ.

"ಯೇಸುಸ್ವಾಮಿಗೂ ಹಾಗೇ ಹೇಳು. ನಾನು ಜೊತೇಲಿರ್ತೀನಿ."

ಮಗಳು ಮಾತ್ರ ನಗಲಿಲ್ಲ. "ಅಜ್ಜಿ ಈ ಕಥೆ ಹೇಳೇ ಇಲ್ಲ."

"ಅಜ್ಜಿಯನ್ನೂ ಹೆದರಿಸೇ ಬೆಳೆಸಿದ್ರು ಕಣೆ."

ಸಂಜೆ ಅಂಗಿಯ ಯಜಮಾನರು ಬಂದರು. ತೂತಿನೊಳಗೆ ಬೆರಳು ತೂರಿಸಿ, "ಇಸ್ತ್ರಿಗೆ ಕೊಟ್ರೆ ಕಿಟಕಿ ಇಟ್ಟಿದ್ದೀರಲ್ಲಮ್ಮಾ," ಎಂದು ಗೊಣಗಿದರು. ತಪ್ಪು ನನ್ನದೇ, ಹೊಸದು ಕೊಡಿಸುತ್ತೇನೆ ಎಂದಳು ಅವಳು.

ಅವತ್ತು ಅಂಗಡಿ ಮುಚ್ಚಿದ ಮೇಲೆ ಮೂವರೂ ಮಂಚದ ಮೇಲೆ ಕೂತರು. ಮಕ್ಕಳ ಮುಂದೆ ಅವಳು ದನಿಯೆತ್ತಿ ಪ್ರಾರ್ಥಿಸಿದ್ದು ಅದೇ ಮೊದಲು. ಮಾತು ತಡವರಿಸಿತು, ನಡುವೆ ನಿಂತೂಹೋಯಿತು.

"ಅಜ್ಜಿಗೆ ಈಗ ಹೆದರಿಕೆ ಹೋಗಿರುತ್ತಾ?" ಮಗಳು ಕೇಳಿದಳು.

"ಹೋಗ್ಲಿ ಅಂತ ನೀನೇ ಕೇಳ್ಕೋ."

ಮಗಳು ಕೇಳಿಕೊಂಡಳು, ಪಿಸುದನಿಯಲ್ಲಿ.

ಈಗಲೂ ಒಮ್ಮೊಮ್ಮೆ ನಿದ್ದೆಯಲ್ಲಿ ಆ ಹುಡುಗಿ ಮುದಿದನಿಯಲ್ಲಿ ಯಾರನ್ನೋ ಗದರುತ್ತಾಳೆ. ತಾಯಿ ಅವಳನ್ನು ಎಬ್ಬಿಸುವುದಿಲ್ಲ. ಆ ದನಿ ಈಗಲೂ ತನ್ನನ್ನು ಹೆದರಿಸಿದರೂ, ಉಸಿರು ಸಮವಾಗುವ ತನಕ ಮಗಳ ಬೆನ್ನು ಸವರುತ್ತಾ ಕೂರುತ್ತಾಳೆ.